ಅರಮನೆಯ ಅಂತೆ, ಕೇರಿಯ ಅಂತೆಕಂತೆ

ರಾಜರ ಕಾಲದ ಒಂದು ಚಿಕ್ಕ ಕತೆ, ಅದರೊಳಗೆ ಒಂದಿಷ್ಟು ಗುಟ್ಟು. ಇಂಥದ್ದನ್ನು ಓದದ ಹುಡುಗ ಹುಡುಗಿಯರು ನಮ್ಮ ಹಾಸ್ಟೆಲುಗಳಲ್ಲಿ ಸಿಕ್ಕುವುದು ಕಷ್ಟ. ಶಾಲೆಯ ಬೀರುವಿನಲ್ಲಿ, ಪತ್ರಿಕೆಗಳ ವಿಶೇಷಾಂಕದಲ್ಲಿ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ, ಈಗೀಗ ಮೊಬೈಲಿನಲ್ಲಿ ಕೂಡ ಅವು ಇವೆ. ಸಂಜೆಗತ್ತಲು, ಕೋಟೆಯ ಹಿಂಬಾಗಿಲು, ಆರಿದ ದೀವಟಿಗೆ, ಕಾಣೆಯಾದ ಮುದ್ರೆಯುಂಗುರ, ವಿಷ ಬೆರೆಸಿದ ಹಾಲು. ಕಡೆಯ ಪುಟದಲ್ಲಿ ಕೊಂದವನು ಸಿಕ್ಕುತ್ತಾನೆ, ಇಲ್ಲವೇ ಸಿಕ್ಕಂತೆ ಮಾಡಿ ತಪ್ಪಿಸಿಕೊಳ್ಳುತ್ತಾನೆ.

ಇವನ್ನೆಲ್ಲ ಬೂಸಾ ಅಂತ ಒಂದೇ ಏಟಿಗೆ ತಳ್ಳಿಬಿಡಬಹುದು. ನಾನು ತಳ್ಳುವುದಿಲ್ಲ. ಮನೆಯಲ್ಲಿ ಮೊದಲು ಅಕ್ಷರ ಕಂಡ ನಮ್ಮಂಥವರಿಗೆ ಪುಸ್ತಕದ ರುಚಿ ಹತ್ತಿಸಿದ್ದೇ ಇಂಥ ಕತೆಗಳು. ಕನ್ನಡದ ವಿಮರ್ಶೆ ಇವನ್ನು ಜನಪ್ರಿಯ ಸಾಹಿತ್ಯ ಅಂತ ಮೂಗು ಮುರಿದು ಆಚೆಗಿಟ್ಟಿದೆ. ನಾವೂ ಮೂಗು ಮುರಿದರೆ, ಮಕ್ಕಳ ಕೈಗೆ ಈ ಪುಸ್ತಕ ಕೊಡುತ್ತಿರುವ ಹಳ್ಳಿಯ ಮೇಷ್ಟ್ರು ಯಾರನ್ನು ಕೇಳಬೇಕು? ರುಚಿಯ ಜೊತೆಗೆ ನಮ್ಮ ಹೊಟ್ಟೆಯೊಳಗೆ ಇನ್ನೇನು ಇಳಿದಿದೆ ಅನ್ನೋದನ್ನು ನೋಡಲೇಬೇಕು.

ಕನ್ನಡದಲ್ಲಿ 'ಅಂತೆ' ಅನ್ನುವ ಒಂದು ಸಣ್ಣ ಮಾತಿದೆ. ಕಂಡದ್ದಲ್ಲ, ಕೇಳಿದ್ದು ಎಂದು ತಿಳಿಸುವ ಮಾತು. ರಾಣಿ ವಿಷ ಹಾಕಿಸಿದಳಂತೆ. ರಾಜಕುಮಾರ ಸತ್ತಿರಲಿಲ್ಲವಂತೆ. ಚರಿತ್ರೆಯ ಗುಟ್ಟಿನ ಕತೆ ಪೂರಾ ನಿಂತಿರುವುದು ಈ ಅಂತೆಯ ಮೇಲೆ. ಮಾಸ್ತಿಯವರ ಎಷ್ಟೋ ಕತೆಗಳಲ್ಲಿ ಕತೆ ಹೇಳುವವನು ತಾನು ಕಂಡದ್ದನ್ನು ಹೇಳುವುದಿಲ್ಲ, ಯಾರೋ ಹೇಳಿದ್ದನ್ನು ನಮಗೆ ದಾಟಿಸುತ್ತಾನೆ. ಅಂತೆಯನ್ನು ದೊಡ್ಡ ಕಲೆ ಮಾಡಿಕೊಂಡ ರೀತಿ ಅದು.

ಆದರೆ ಅಂತೆಗೂ ಜಾತಿ ಇದೆ. ಅರಮನೆಯ ಬಗ್ಗೆ ಹುಟ್ಟಿದ ಅಂತೆ ಕಾವ್ಯವಾಗುತ್ತದೆ, ಕೈಫಿಯತ್ತಾಗುತ್ತದೆ, ಇಂಗ್ಲಿಷ್ ಅಧಿಕಾರಿಯ ಗ್ರಂಥದಲ್ಲಿ ಒಂದು ಪುಟವಾಗುತ್ತದೆ, ಆಮೇಲೆ ಕಾದಂಬರಿಯಾಗುತ್ತದೆ. ಕೇರಿಯ ಅಜ್ಜಿ ಹೇಳುವ ಅಂತೆ, 'ನಿಮ್ ಮುತ್ತಜ್ಜನ್ನ ಒಂದು ಮಳೆಗಾಲದಲ್ಲಿ ಒಡೆಯರ ಕಡೆಯವ್ರು ಕರ್ಕೊಂಡು ಹೋದ್ರಂತೆ, ಮತ್ತೆ ಬರ್ಲೇ ಇಲ್ವಂತೆ' ಅನ್ನುವ ಅಂತೆ, ಅಂತೆಕಂತೆಯಾಗಿ ಒಲೆಯ ಮುಂದೆಯೇ ಬೂದಿಯಾಗುತ್ತದೆ. ಎರಡರಲ್ಲೂ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಒಂದು ರಹಸ್ಯ, ಇನ್ನೊಂದು ಲೆಕ್ಕಕ್ಕೇ ಇಲ್ಲ. ಬರೀ ಕಾಣೆಯಾದರೆ ರಹಸ್ಯ ಹುಟ್ಟುವುದಿಲ್ಲ, ಎಲ್ಲಿ ಹೋದ ಅಂತ ಕೇಳುವವರು ಬೇಕು. ಅದಕ್ಕೇ ನನ್ನ ವಾದ ಇಷ್ಟು: ಇಂಥ ಕತೆಯನ್ನು ಅದು ಕೊಡುವ ಉತ್ತರದಿಂದ ಅಳೆಯಬೇಡಿ, ಅದು ಎತ್ತಿಕೊಂಡ ಪ್ರಶ್ನೆಯಿಂದ ಅಳೆಯಿರಿ. ಯಾವುದನ್ನು ಗುಟ್ಟು ಅಂತ ಎಣಿಸಿತು ಎಂಬಲ್ಲೇ ಕತೆಯ ಜಾತಿ ಬಯಲಾಗುತ್ತದೆ.

ಇದನ್ನು ಗಾಳಿಯಲ್ಲಿ ಹೇಳುವುದು ಬೇಡ. ಹುಲಿಕಲ್ಲಿನ ಸುತ್ತಲ ನೆಲವನ್ನೇ ತೆಗೆದುಕೊಳ್ಳೋಣ. ಹೊಸನಗರ ತಾಲ್ಲೂಕಿನ ಈ ಊರಿನ ಮಳೆ ಆಗುಂಬೆಯ ಮಳೆಯ ಜೊತೆ ಪೈಪೋಟಿಗೆ ನಿಲ್ಲುವಂಥದ್ದು. ಇಲ್ಲಿಂದ ಘಾಟಿ ಇಳಿದರೆ ಕುಂದಾಪುರದ ಸೀಮೆ. ಘಾಟಿಯ ಮೇಲೆ ಈಚೆಗೆ ಬಂದರೆ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ಕಡೆಯ ರಾಜಧಾನಿ. ಆ ಅರಸರ ಬೇರು ಇರುವ ಕೆಳದಿ ಸಾಗರ ತಾಲ್ಲೂಕಿನಲ್ಲಿ, ಅವರ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಕಾಡು, ಕೋಟೆ, ಕಳ್ಳದಾರಿ, ಮಂಜು. ಗುಟ್ಟಿನ ಕತೆಗೆ ಬೇಕಾದ ಸಾಮಾನೆಲ್ಲ ಈ ಮೂರು ತಾಲ್ಲೂಕುಗಳಲ್ಲಿ ಬಿದ್ದಿದೆ.

ಅದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಚೆನ್ನಬಸಪ್ಪನಾಯಕನ ಕತೆ. 18ನೇ ಶತಮಾನದ ನಡುವಿನಲ್ಲಿ ಬಿದನೂರಿನ ಬಸಪ್ಪನಾಯಕ ತೀರಿಕೊಂಡ. ದತ್ತು ಮಗ ಚೆನ್ನಬಸಪ್ಪ ಪಟ್ಟಕ್ಕೆ ಬಂದ. ಆಡಳಿತದ ಹಗ್ಗ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. 1757ರ ಸುಮಾರಿಗೆ ಹುಡುಗ ಇಲ್ಲವಾದ. ರಾಣಿಯೇ ಕೊಲ್ಲಿಸಿದಳು ಎಂದು ಒಂದು ಮಾತು, ಅದು ಹಗೆಗಳು ಹಬ್ಬಿಸಿದ ಅಪವಾದ ಎಂದು ಇನ್ನೊಂದು ಮಾತು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ದಂಡೆತ್ತಿ ಬಂದಾಗ ಅವನ ಜೊತೆಯಲ್ಲಿ ಒಬ್ಬ ಯುವಕನಿದ್ದ. ನಾನೇ ಚೆನ್ನಬಸಪ್ಪ, ಸತ್ತಿಲ್ಲ ಅಂದ. ಬಿದನೂರು ಬಿತ್ತು, ಹೈದರನಗರವಾಯಿತು. ಯುವಕನಿಗೆ ಪಟ್ಟ ಸಿಕ್ಕಲಿಲ್ಲ. ರಾಣಿಯನ್ನು ಸೆರೆಯಿಟ್ಟ ಮಧುಗಿರಿಯ ಕೋಟೆಗೇ ಅವನನ್ನೂ ತಳ್ಳಿದರಂತೆ. ಹೈದರನ ಸಿಪಾಯಿಗಳು ಅವನನ್ನು 'ಗೈಬು ರಾಜ', ಮಾಯದಿಂದ ಎದ್ದು ಬಂದ ರಾಜ, ಎಂದು ಗೇಲಿ ಮಾಡುತ್ತಿದ್ದರಂತೆ. ಬಿದನೂರಿನ ಈ ಕೊನೆಗಾಲವನ್ನೇ ಮಾಸ್ತಿಯವರು 'ಚೆನ್ನಬಸವನಾಯಕ' ಕಾದಂಬರಿಗೆ ವಸ್ತು ಮಾಡಿಕೊಂಡರು.

ಇಂಥ ವಸ್ತು ಸಣ್ಣಕತೆಗಾರನ ಕೈಗೆ ಸಿಕ್ಕರೆ ಅವನು ಹಿಡಿಯುವ ದಾರಿ ನಮಗೆ ಗೊತ್ತೇ ಇದೆ. ರಾಣಿ ಕೊಂದಳೋ ಇಲ್ಲವೋ? ಬಂದವನು ಅಸಲಿಯೋ ನಕಲಿಯೋ? ಮೊದಲ ಪ್ರಶ್ನೆಗೆ ಉತ್ತರವನ್ನು ಹೆಂಗಸಿನ ಹಾಸಿಗೆಯಲ್ಲಿ ಹುಡುಕುತ್ತಾರೆ. ಆಳಿದವಳು ಹೆಣ್ಣಾದರೆ ಅವಳ ನಡತೆಯೇ ಸಾಕ್ಷಿ, ಅದೇ ತೀರ್ಪು. ಗಂಡು ಅರಸರು ಅಣ್ಣತಮ್ಮಂದಿರನ್ನು ಕೊಂದು ಪಟ್ಟಕ್ಕೆ ಬಂದಾಗ ಅದು ರಾಜನೀತಿ, ಇಲ್ಲಿ ಮಾತ್ರ ಚಾರಿತ್ರ್ಯ. ಎರಡನೇ ಪ್ರಶ್ನೆಗೆ ಉತ್ತರವನ್ನು ಮೈಮೇಲಿನ ಮಚ್ಚೆಯಲ್ಲೋ ಬೆರಳಿನ ಉಂಗುರದಲ್ಲೋ ಹುಡುಕುತ್ತಾರೆ. ಓದುವವನು ಉಸಿರು ಬಿಗಿ ಹಿಡಿದು ಓದುತ್ತಾನೆ. ಅವನ ಉಸಿರು ಯಾರಿಗಾಗಿ ಬಿಗಿಯಾಯಿತು? ಸಿಂಹಾಸನದ ಮೇಲೆ ಸರಿಯಾದ ರಕ್ತ ಕೂರುತ್ತದೋ ಇಲ್ಲವೋ ಅನ್ನುವುದಕ್ಕಾಗಿ. ಹೊಲೆಗೇರಿಯ ಹುಡುಗನೂ ಪುಸ್ತಕ ಹಿಡಿದು ರಾಜರಕ್ತದ ಶುದ್ಧಿಗಾಗಿ ಚಡಪಡಿಸುತ್ತಾನೆ! ಈ ಕತೆಗಳು ನಮಗೆ ಮಾಡುವ ಮೋಸ ಇದು.

ಈಗ ಅದೇ ಅಂತೆಯನ್ನು ನಿಧಾನಕ್ಕೆ ಇನ್ನೊಮ್ಮೆ ಓದೋಣ. ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟ ವಿವರದಲ್ಲಿ ಒಬ್ಬ ಜೆಟ್ಟಿ ಬರುತ್ತಾನೆ. ಕುಸ್ತಿಯ ಪಟ್ಟು ಬಲ್ಲವನು, ಮೈ ತಿಕ್ಕುವವನು. ಹುಡುಗ ಸ್ನಾನಕ್ಕೆ ಕೂತಾಗ ಕತ್ತು ಮುರಿಯಬೇಕೆಂದು ಅವನಿಗೆ ಅಪ್ಪಣೆಯಾಯಿತಂತೆ. ಹೈದರನ ಜೊತೆ ಬಂದ ಯುವಕ ಹೇಳಿದ್ದು ಬೇರೆ. ಜೆಟ್ಟಿಗೆ ಕರುಳು ಚುರುಕ್ ಅಂದು ಕೊಲ್ಲದೆ ಬಿಟ್ಟನಂತೆ, ಐದು ವರ್ಷ ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡನಂತೆ.

ನೋಡಿ, ಕತೆಯ ಎರಡು ಕವಲೂ ಒಬ್ಬನೇ ಮನುಷ್ಯನ ಕೈಮೇಲೆ ನಿಂತಿವೆ. ಕೊಂದಿದ್ದರೆ ಆ ಕೈ ಕೊಂದಿತು, ಉಳಿಸಿದ್ದರೆ ಆ ಕೈಯೇ ಉಳಿಸಿತು. ಅಂಥವನು ಕತೆಯಲ್ಲಿ ಬರೀ 'ಒಬ್ಬ ಜೆಟ್ಟಿ'. ಐದು ವರ್ಷ ಅಂದರೆ ಮಲೆನಾಡಿನ ಐದು ಮಳೆಗಾಲ. ಆಳಿನ ಮನೆಗೆ ಎಷ್ಟು ಕೋಣೆ ಇರುತ್ತವೆ? ಅರಮನೆಯ ಅನ್ನ ಉಂಡವನಿಗೆ ಜೆಟ್ಟಿಯ ಹೆಂಡತಿ ಏನು ಬೇಯಿಸಿ ಹಾಕಿದಳು? ಹೆಚ್ಚಿಗೆ ಬೇಕಾದ ಅಕ್ಕಿಯನ್ನು ಯಾರ ಮನೆಯಿಂದ ಕಡ ತಂದಳು? ಬಾವಿಕಟ್ಟೆಯಲ್ಲಿ ನೆರೆಮನೆಯವಳು 'ಏನಕ್ಕಾ, ಮನೆಗೆ ನೆಂಟ್ರು ಬಂದಾರಾ?' ಅಂತ ಕೇಳಿದಾಗ ಏನಂದಳು? ಗುಟ್ಟು ಒಡೆದರೆ ರಾಣಿಗೆ ಹೋಗುವುದು ಮಾನ, ಜೆಟ್ಟಿಗೆ ಹೋಗುವುದು ತಲೆ. ಸಣ್ಣಕತೆಗೆ ಇದಕ್ಕಿಂತ ದೊಡ್ಡ ಗುಟ್ಟು ಯಾವುದು ಬೇಕು?

ಬಂದ ಯುವಕ ನಕಲಿಯೇ ಆಗಿದ್ದ ಅಂತ ಇಟ್ಟುಕೊಳ್ಳಿ. ಆಗಲೂ ಒಂದು ಮಾತು ಉಳಿಯುತ್ತದೆ. ಕತೆ ಕಟ್ಟಿದವನಿಗೆ ಜನ ನಂಬುವಂತೆ ಹೇಳಬೇಕಾಗಿತ್ತು. ಕರುಣೆ ತೋರಿದವರು ಯಾರು ಅಂತ ಹೇಳಬೇಕಾದಾಗ ಅವನು ಮಂತ್ರಿಯ ಹೆಸರು ಹೇಳಲಿಲ್ಲ, ಗುರುವಿನ ಹೆಸರು ಹೇಳಲಿಲ್ಲ. ಆಳಿನ ಮನೆಯನ್ನು ತೋರಿಸಿದ. ಜನ ಎಲ್ಲಿ ಕರುಣೆಯನ್ನು ಕಂಡಿದ್ದರು ಎಂಬುದಕ್ಕೆ ಇದೂ ಒಂದು ಸಾಕ್ಷಿ ಅಲ್ಲವೇ?

ಬಿದನೂರಿನಿಂದ ಇನ್ನೂ ಹಿಂದಕ್ಕೆ, ಕೆಳದಿಗೆ ಹೋಗೋಣ. ಅಲ್ಲಿಯ ಐತಿಹ್ಯ ಮಲೆನಾಡಿನಲ್ಲಿ ಬಹಳ ಜನಕ್ಕೆ ಗೊತ್ತು. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ನೆಲದಲ್ಲಿ ನಿಧಿ ಸಿಕ್ಕುತ್ತದೆ. ನಿಧಿ ನರಬಲಿ ಕೇಳುತ್ತದೆ. ಮನೆಯ ಆಳುಗಳಾದ ಯಾದವ, ಮುರಾರಿ ಎಂಬಿಬ್ಬರು ತಾವಾಗಿಯೇ ಕತ್ತು ಕೊಡುತ್ತಾರೆ. ನಮ್ಮ ಹೆಸರು ಉಳಿಯಬೇಕು ಎಂಬುದೊಂದೇ ಅವರ ಕೋರಿಕೆ. ಹೆಸರು ಉಳಿಯಿತು, ಆದರೆ ಅರಸರ ಬಿರುದಿನೊಳಗೆ! 'ಎಡವ ಮುರಾರಿ, ಕೋಟೆ ಕೋಲಾಹಲ' ಎಂದು ಕೆಳದಿಯ ದೊರೆಗಳನ್ನು ಹೊಗಳುತ್ತಿದ್ದರು. ಬಿರುದಿಗೆ ಬೇರೆ ಅರ್ಥವನ್ನೂ ಹೇಳಬಹುದು. ಐತಿ‌ಹ್ಯ ಮಾತ್ರ ಅದು ಆ ಇಬ್ಬರ ಹೆಸರು ಅನ್ನುತ್ತದೆ. ಪ್ರಾಣವೂ ಒಡೆಯನಿಗೆ, ಹೆಸರೂ ಒಡೆಯನಿಗೆ.

ಈ ಐತಿಹ್ಯವನ್ನು ಕತೆ ಮಾಡುವವರು ನಿಧಿಯನ್ನು ರಹಸ್ಯ ಮಾಡುತ್ತಾರೆ. ಎಲ್ಲಿತ್ತು, ಎಷ್ಟಿತ್ತು, ಯಾವ ಸರ್ಪ ಕಾಯುತ್ತಿತ್ತು. ನನಗೆ ರಹಸ್ಯವಾಗಿ ಕಾಣುವುದು 'ತಾವಾಗಿಯೇ' ಅನ್ನುವ ಪದ. ಅವರು ಒಪ್ಪಿದ್ದನ್ನು ಕೇಳಿಸಿಕೊಂಡವರು ಯಾರು? ಮಲೆನಾಡಿನ ಹೊಲೆಯರಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆಯ ಜೀತವಿತ್ತು ಎಂದು ಮೈಸೂರಿನ ಗೆಜೆಟಿಯರುಗಳೇ ಬರೆದಿವೆ. ಹುಟ್ಟಾಳು ಮನೆಗೆ ಹುಟ್ಟಿದವನು, ಮಣ್ಣಾಳು ಮಣ್ಣಿಗೆ ಅಂಟಿದವನು. ಯಾದವ, ಮುರಾರಿ ಯಾವ ಜಾತಿಯವರಾದರೂ ಆಗಿರಲಿ, ಆಳಾಗಿದ್ದರು. ಬೇಡ ಅನ್ನುವ ಹಕ್ಕಿಲ್ಲದವನ ಒಪ್ಪಿಗೆಗೆ ಒಪ್ಪಿಗೆ ಅಂತ ಹೆಸರಿಡಬಹುದೇ? ಒಳ್ಳೆಯ ಪತ್ತೇದಾರನಾದವನು ಮೊದಲು ಹಿಡಿಯುವುದು ಇಂಥ ಪದವನ್ನೇ.

'ನಿಮ್ಮ ಜನದ ಬಗ್ಗೆ ದಾಖಲೆ ಇಲ್ಲವಲ್ಲ, ಕತೆಗಾರ ಏನು ಮಾಡಬೇಕು?' ಎಂದು ಓದಿದವರು ಕೇಳುತ್ತಾರೆ. ದಾಖಲೆ ತಾನಾಗಿ ಬೆಳೆಯುವ ಅಣಬೆಯಲ್ಲ. 10ನೇ ಶತಮಾನದ ಆತಕೂರಿನ ಶಾಸನದಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಒಂದು ನಾಯಿಯ ಹೆಸರಿದೆ, ಕಾಳಿ ಅಂತ. ನಾಯಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಅದು ವೀರನೇ. ಆದರೆ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ಮನಸ್ಸಿದ್ದ ನಾಡಿನಲ್ಲಿ ಕೋಟೆಗೆ ಕಲ್ಲು ಹೊತ್ತವರ ಹೆಸರು ಸಿಕ್ಕದಿದ್ದರೆ ಅದು ಉಳಿಯ ಕೊರತೆಯಲ್ಲ.

ಮತ್ತೆ, ದಾಖಲೆ ಇರುವ ಕಡೆಯಲ್ಲೂ ಪ್ರಶ್ನೆ ಅಡ್ಡದಾರಿ ಹಿಡಿಯುತ್ತದೆ. ಇದೇ ನಗರ ಸೀಮೆಯಲ್ಲಿ 1830ರಲ್ಲಿ ಇನ್ನೊಬ್ಬ 'ಕಾಣೆಯಾದ ದೊರೆ' ಎದ್ದು ಬಂದ. ಹೆಸರು ಬೂದಿ ಬಸವಪ್ಪ. ನಗರದ ಗಾದಿಗೆ ನಾನೇ ಹಕ್ಕುದಾರ ಅಂದ. ಅವನ ನಿಜವಾದ ಹೆಸರು ಸಾದರ ಮಲ್ಲ, ಹಳೆಯ ಅರಮನೆಯ ಮುದ್ರೆಗಳು ಹೇಗೋ ಅವನ ಕೈಸೇರಿದ್ದವು ಎಂದು ಸರ್ಕಾರದ ಕಡೆಯವರು ಬರೆದರು. ಮುದ್ರೆ, ಮಾರುವೇಷ, ಸುಳ್ಳು ವಂಶ! ಪತ್ತೇದಾರಿ ಕತೆಗೆ ಬೇಕಾದದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟಂತಿದೆ. ಹಾಗೆ ಬರೆದರೆ ಕತೆ ಇವನು ನಕಲಿ ಅನ್ನುವಲ್ಲಿಗೆ ಮುಗಿಯುತ್ತದೆ. ಆದರೆ ಸಾವಿರಾರು ರೈತರು ಕೂಟ ಕಟ್ಟಿಕೊಂಡು ಯಾಕೆ ಎದ್ದರು? ಮೈಸೂರಿನ ಆಡಳಿತದಲ್ಲಿ ಶರತ್ತು ಎಂಬ ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿಯೇ ಕೊಡುತ್ತೇನೆ ಅಂತ ಅಮಲ್ದಾರ ಕರಾರು ಮಾಡಿಕೊಳ್ಳುತ್ತಿದ್ದ, ಆಮೇಲೆ ಅದನ್ನು ರೈತನ ಬೆನ್ನಿನಿಂದ ಸುಲಿಯುತ್ತಿದ್ದ. ನಗರದ ದಂಗೆಯನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಇಡೀ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಬೂದಿ ಬಸವಪ್ಪ ನಕಲಿಯಾಗಿರಬಹುದು. ಶರತ್ತು ನಕಲಿಯಾಗಿರಲಿಲ್ಲ, ಹಸಿವು ನಕಲಿಯಾಗಿರಲಿಲ್ಲ. ಜನಕ್ಕೆ ಒಬ್ಬ ಗೈಬು ರಾಜ ಬೇಕಾದದ್ದು ಯಾಕೆ ಅನ್ನುವುದನ್ನು ಕೇಳದ ಕತೆ ಎಷ್ಟು ಚಂದ ಬರೆದಿದ್ದರೂ ಅಮಲ್ದಾರನ ಕಡೆಯ ಕತೆ.

ಹಾಗಾದರೆ ಬೇರೆ ದಾರಿ ತುಳಿದವರೇ ಇಲ್ಲವೇ? ಇದ್ದಾರೆ. ಅವರು ನಾನು ಹೇಳುತ್ತಿರುವ ಬಗೆಯ ಸಣ್ಣ ಐತಿಹಾಸಿಕ ಕತೆ ಬರೆದವರಲ್ಲ, ಆದರೆ ಅದನ್ನು ಬರೆಯುವವರು ಕಲಿಯಬೇಕಾದದ್ದು ಅವರಿಂದಲೇ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' 19ನೇ ಶತಮಾನದ ಕಡೆಯ ತೀರ್ಥಹಳ್ಳಿ ಸೀಮೆಯ ಕತೆ. ಅಲ್ಲಿ ಕುವೆಂಪು ಕಾಡಿನ ಕತ್ತಲಿಗೆ ಮೊದಲು ಇಳಿಸುವುದು ಹೆಗ್ಗಡೆಯನ್ನಲ್ಲ, ನಾಯಿಗುತ್ತಿಯನ್ನು. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವಾಗ ಓದುವವನ ಎದೆ ಹೊಲೆಯಾಳಿನ ಎದೆಯ ಜೊತೆ ಹೊಡೆದುಕೊಳ್ಳುತ್ತದೆ. ಕನ್ನಡದಲ್ಲಿ ಇದು ಸಣ್ಣ ಮಾತಲ್ಲ.

ದೇವನೂರ ಮಹಾದೇವರ 'ಒಡಲಾಳ' ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಅದರಲ್ಲಿ ಎರಡು ವಸ್ತು ಕಾಣೆಯಾಗುತ್ತವೆ. ಸಾಕವ್ವನ ಹುಂಜ, ಸಾಹುಕಾರನ ಕಡಲೆಕಾಯಿ. ಹುಂಜವನ್ನು ಹುಡುಕುವುದು ಮುದುಕಿಯೊಬ್ಬಳೇ. ಕಡಲೆಕಾಯಿಯನ್ನು ಹುಡುಕಿಕೊಂಡು ಗುಡಿಸಲಿಗೆ ಪೊಲೀಸರು ಬರುತ್ತಾರೆ. ಯಾವ ಕಳವು ಮೊಕದ್ದಮೆಯಾಗುತ್ತದೆ, ಯಾವ ಕಳವು ಮುದುಕಿಯ ಗೊಣಗಾಟವಾಗುತ್ತದೆ ಎಂಬುದನ್ನು ಭಾಷಣವಿಲ್ಲದೆ ತೋರಿಸುವ ಬಗೆ ಇದು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರದೇ 'ಕುಸುಮಬಾಲೆ'ಯಲ್ಲಿ ಚನ್ನ ಎಂಬ ದಲಿತ ಹುಡುಗ ಇಲ್ಲವಾಗುತ್ತಾನೆ. ಅಲ್ಲಿ ಪತ್ತೇದಾರನಿಲ್ಲ. ರಾತ್ರಿ ದೀಪದ ಜೋತಮ್ಮಗಳು ಸೇರಿ ಮಾತಾಡಿಕೊಳ್ಳುತ್ತವೆ. ಮನುಷ್ಯರು ಬಾಯಿ ಬಿಡಲು ಹೆದರುವ ಊರಿನಲ್ಲಿ ಸಾಕ್ಷಿ ಹೇಳುವವರು ಇನ್ಯಾರು?

ಇನ್ನು ನಮ್ಮವರಿಗೇ ಎರಡು ಮಾತು. ಈಚೆಗೆ ನಮ್ಮ ಹುಡುಗರೂ ಚರಿತ್ರೆಯ ಕತೆ ಬರೆಯುತ್ತಿದ್ದಾರೆ. ಸಂತೋಷ. ಆದರೆ ಎಷ್ಟೋ ಕತೆಗಳಲ್ಲಿ ಆಗಿರುವುದು ಇಷ್ಟೇ: ಸಿಂಹಾಸನ ಹಾಗೇ ಇದೆ, ಕೂತವನು ಬದಲಾಗಿದ್ದಾನೆ. ಕಡೆಯ ಪುಟದಲ್ಲಿ ಆಳಿನ ಮಗನ ತೋಳಿನಲ್ಲಿ ರಾಜಮುದ್ರೆ ಹೊಳೆಯುತ್ತದೆ, ಅವನೂ ರಾಜವಂಶದವನೇ ಅಂತ ಗೊತ್ತಾಗುತ್ತದೆ, ಎಲ್ಲರೂ ಕೈಮುಗಿಯುತ್ತಾರೆ. ಯಾಕೆ ಸ್ವಾಮಿ? ಆಳಿನ ಮಗ ಆಳಿನ ಮಗನಾಗಿಯೇ ದೊಡ್ಡವನಾಗಬಾರದೇ? ರಕ್ತವೇ ಮನುಷ್ಯನ ಬೆಲೆ ಅನ್ನುವ ಮಾತನ್ನು ಹಿಂಬಾಗಿಲಿನಿಂದ ಮನೆಗೆ ಕರೆದಂತಾಯಿತು. ಮತ್ತೊಂದು, ಸಾಕ್ಷಿ ಇಲ್ಲದ ಕಡೆ ಇಸವಿ ಶಾಸನಗಳನ್ನು ಹುಟ್ಟಿಸಿ ಬರೆಯುವುದು. ನಮ್ಮ ಮೇಲೆ ಸುಳ್ಳು ಚರಿತ್ರೆ ಹೇರಿದವರಿಗೆ ಸುಳ್ಳು ಚರಿತ್ರೆಯಿಂದಲೇ ಉತ್ತರ ಕೊಟ್ಟರೆ ನಾಳೆ ನಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ. ಕತೆಯಲ್ಲಿ ಕಲ್ಪನೆ ಇರಲಿ, ಅದು ಕಲ್ಪನೆ ಅಂತ ಓದುವವನಿಗೆ ತಿಳಿಯಲಿ. ಜೆಟ್ಟಿಗೆ ಹೆಸರಿಡಬೇಕಿಲ್ಲ. ಹೆಸರಿಲ್ಲದವನನ್ನು ಹೆಸರಿಲ್ಲದೆಯೇ ನಮ್ಮ ಕಣ್ಣೆದುರು ನಿಲ್ಲಿಸಿದರೆ, ಆ ಹೆಸರನ್ನು ಅಳಿಸಿದ ಕೈ ಯಾವುದು ಅಂತ ಓದುಗನೇ ಹುಡುಕಲು ಹೊರಡುತ್ತಾನೆ.

ಗುಟ್ಟಿನ ಕತೆಯ ದೊಡ್ಡ ಗುಣ ಅದು, ಅನುಮಾನ ಕಲಿಸುವುದು. ಹೇಳಿದ್ದನ್ನೆಲ್ಲ ನಂಬಬೇಡ, ಬಾಗಿಲ ಹಿಂದೆ ನೋಡು ಅನ್ನುವುದು. ಶತಮಾನಗಳಿಂದ ಹೇಳಿದ್ದನ್ನು ನಂಬಿಯೇ ಕೆಟ್ಟ ಜನಕ್ಕೆ ಇದಕ್ಕಿಂತ ಒಳ್ಳೆಯ ಹತಾರ ಯಾವುದು ಬೇಕು? ಇಷ್ಟು ದಿನ ಅದನ್ನು ಅರಮನೆಯ ಬೀಗ ತೆಗೆಯಲು ಬಳಸಿದ್ದಾರೆ. ನಮ್ಮ ಬೀಗಗಳಿಗೂ ಅದು ಹೊಂದುತ್ತದೆ.

ಶಾಲೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನದೊಂದು ವಿನಂತಿ. ಇಂಥ ಕತೆಯನ್ನು ಕಿತ್ತುಕೊಳ್ಳಬೇಡಿ, ಓದಿಸಿ. ಓದಿಸಿದ ಮೇಲೆ ಮೂರು ಪ್ರಶ್ನೆ ಕೇಳಿ. ಕತೆಯಲ್ಲಿ ಯಾರು ಕಾಣೆಯಾದಾಗ ಎಲ್ಲರೂ ಹುಡುಕಿದರು, ಯಾರು ಕಾಣೆಯಾದಾಗ ಯಾರೂ ಹುಡುಕಲಿಲ್ಲ? ದೀವಟಿಗೆ ಹಿಡಿದವನ, ನೀರೆರೆದವಳ ಹೆಸರು ಎಲ್ಲಾದರೂ ಬಂತೇ? ಕಳೆದುಹೋದ ನಿಧಿಯನ್ನು ಮೊದಲು ದುಡಿದವರು ಯಾರು? ಎಂಟನೇ ಕ್ಲಾಸಿನ ಮಗುವಿಗೂ ಈ ಪ್ರಶ್ನೆ ಅರ್ಥವಾಗುತ್ತದೆ. ಒಮ್ಮೆ ಅರ್ಥವಾದರೆ ಮುಂದೆ ಯಾವ ಪಠ್ಯಪುಸ್ತಕ ಕೊಟ್ಟರೂ ಅದು ಈ ಪ್ರಶ್ನೆ ಕೇಳಿಯೇ ತೀರುತ್ತದೆ.

ಆಮೇಲೆ ಮಕ್ಕಳನ್ನು ಮನೆಗೆ ಕಳಿಸಿ, ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಅಂತ. ಸಾಗರದ ಕಡೆಯ ಮಕ್ಕಳಾದರೆ ಕೊಳಗದ ವಿಷಯ ಕೇಳಲಿ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಜಗಳದ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಮನೆಯ ಕೊಳಗ ದೊಡ್ಡದು ಎಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ಪುಸ್ತಕದಲ್ಲಿದೆ. ಆದರೆ ಮರದ ಒಂದು ಅಳತೆ ಪಾತ್ರೆ ಯಾವ ರಾತ್ರಿ, ಯಾವ ಬಡಗಿಯ ಕೈಯಲ್ಲಿ, ಯಾರ ಮಾತಿನ ಮೇಲೆ ದೊಡ್ಡದಾಯಿತು? ಅದನ್ನು ಮೊದಲು ಗುರುತಿಸಿದ ಹೆಂಗಸು ಯಾರು? ಅವಳು ಅದನ್ನು ಯಾರಿಗೆ ಪಿಸುಗುಟ್ಟಿದಳು? ಇದನ್ನು ಬರೆದವರು ನನಗಂತೂ ಕಂಡಿಲ್ಲ. ಹತ್ತು ಪುಟದ ಕತೆಗೆ ಇಷ್ಟು ಸಾಕು.

ಹಾಗೆ ಕೇಳಿಕೊಂಡು ಬಂದ ಹುಡುಗಿಯೊಬ್ಬಳು ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ, ಸಾಲಿಗೊಂದು ಅಂತೆ ಹಾಕಿ ಬರೆದು ತಂದರೆ, ಮೇಷ್ಟ್ರೇ, ದಯವಿಟ್ಟು ಕೆಂಪು ಮಸಿಯಲ್ಲಿ ತಿದ್ದಬೇಡಿ. 'ಆಮೇಲೆ ಏನಾಯ್ತಂತೆ?' ಅಂತ ಕೇಳಿ.